ಇಳಿವಯಸ್ಸಿನಲ್ಲಿ ಸ್ನಾಯುಬಲ ಮತ್ತು ನಿದ್ರೆ: ಹಿರಿಯರಿರುವ ಮನೆಗಳು ತಿಳಿದಿರಬೇಕಾದ ಸಂಗತಿಗಳು

ರಾತ್ರಿ ನಿದ್ರೆ ಬರುವುದಿಲ್ಲ, ಕಾಲಲ್ಲಿ ಬಲವಿಲ್ಲ ಎಂಬ ಮಾತುಗಳು ಹಿರಿಯರಿರುವ ಮನೆಗಳಲ್ಲಿ ಸಾಮಾನ್ಯ. ಎರಡನ್ನೂ ವಯೋಸಹಜವೆಂದು ಬಗೆದು ಸುಮ್ಮನಿರುವುದು ವಾಡಿಕೆ. ಆದರೆ ಇವು ಒಂದಕ್ಕೊಂದು ಸಂಬಂಧವಿಲ್ಲದ ತೊಂದರೆಗಳಲ್ಲ. ಒಂದು ಮತ್ತೊಂದನ್ನು ಹೆಚ್ಚಿಸುತ್ತದೆ. ಎರಡೂ ಕೂಡಿದಾಗ ರಾತ್ರಿ ಶೌಚಕ್ಕೆ ಎದ್ದು ಬೀಳುವ ಅಪಾಯ ಹೆಚ್ಚುತ್ತದೆ. ಸೊಂಟದ ಮೂಳೆ ಮುರಿದ ಹಿರಿಯರಲ್ಲಿ ಅನೇಕರು ಮೊದಲಿನಂತೆ ನಡೆದಾಡಲಾರರು.

ಸ್ನಾಯು ಕುಗ್ಗುವಿಕೆ ಎಂದರೇನು?

ವಯಸ್ಸಿನೊಂದಿಗೆ ಸ್ನಾಯುಗಳ ಗಾತ್ರ ಮತ್ತು ಬಲ ಅತಿಯಾಗಿ ಕುಗ್ಗುವ ಸ್ಥಿತಿಯನ್ನು ವೈದ್ಯರು ‘ಸಾರ್ಕೊಪೀನಿಯ’ ಎನ್ನುತ್ತಾರೆ. ಏಷ್ಯಾದ ತಜ್ಞರ ಕಾರ್ಯತಂಡವು 2019ರಲ್ಲಿ ನೀಡಿದ ಮಾನದಂಡದಂತೆ, ಕೈಹಿಡಿತದ ಬಲ ಪುರುಷರಲ್ಲಿ 28 ಕೆ.ಜಿ.ಗಿಂತ, ಮಹಿಳೆಯರಲ್ಲಿ 18 ಕೆ.ಜಿ.ಗಿಂತ ಕಡಿಮೆಯಿದ್ದರೆ ಅದು ದೌರ್ಬಲ್ಯ. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೂ ಇದೆ. ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಬಾರಿ ಎದ್ದು ಕೂರಬೇಕು. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಸಮಯ ಹಿಡಿದರೆ ವೈದ್ಯರನ್ನು ಕಾಣುವುದು ಸೂಕ್ತ. ಪರೀಕ್ಷೆಯ ವೇಳೆ ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ನಿದ್ರೆಗೂ ಸ್ನಾಯುವಿಗೂ ಇರುವ ನಂಟು

ಗಾಢ ನಿದ್ರೆಯಲ್ಲಿ ದೇಹವು ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತದೆ. ವಯಸ್ಸಾದಂತೆ ಗಾಢ ನಿದ್ರೆ ತಾನಾಗಿಯೇ ಕಡಿಮೆಯಾಗುತ್ತದೆ. ನಿದ್ರೆ ಕೆಟ್ಟಾಗ ಸ್ನಾಯುವನ್ನು ಕರಗಿಸುವ ಕಾರ್ಟಿಸೋಲ್ ಏರುತ್ತದೆ. ಒಂದು ರಾತ್ರಿ ಪೂರ್ತಿ ನಿದ್ರೆಗೆಟ್ಟರೆ ಯುವಜನರಲ್ಲಿಯೂ ಸ್ನಾಯು ಪ್ರೋಟೀನಿನ ತಯಾರಿ ಶೇ. 18ರಷ್ಟು ಕುಗ್ಗಿದ್ದನ್ನು 2021ರ ಅಧ್ಯಯನವೊಂದು ದಾಖಲಿಸಿದೆ.

ಇನ್ನೊಂದು ದಿಕ್ಕಿನಿಂದಲೂ ಹಾನಿ ನಡೆಯುತ್ತದೆ. ಕಾಲು ಸೋತವರು ಮನೆಯೊಳಗೇ ಉಳಿಯುತ್ತಾರೆ. ಬಿಸಿಲು ಕಾಣದೆ ದೇಹದ ಗಡಿಯಾರ ಏರುಪೇರಾಗುತ್ತದೆ. ಹಗಲು ತೂಕಡಿಸಿದಷ್ಟೂ ರಾತ್ರಿಯ ನಿದ್ರೆ ದೂರವಾಗುತ್ತದೆ. ಹೀಗಾಗಿ ರಾತ್ರಿಯ ನಿದ್ರೆಯನ್ನು ಸರಿಪಡಿಸುವ ಕೆಲಸ ಹಗಲಿನಲ್ಲಿಯೇ ಆರಂಭವಾಗಬೇಕು.

ಅನುಸರಿಸಬೇಕಾದ ಕ್ರಮಗಳು

1. ವ್ಯಾಯಾಮ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು ಮುಂತಾದ ಬಲವರ್ಧಕ ವ್ಯಾಯಾಮಗಳನ್ನು ವಾರಕ್ಕೆ ಕನಿಷ್ಠ ಎರಡು ದಿನ ಮಾಡಬೇಕು. ನಡಿಗೆಯೊಂದೇ ಸಾಲದು.

2. ಆಹಾರ: ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೋಟೀನ್ ಅಗತ್ಯವೆಂದು ತಜ್ಞರು ಹೇಳುತ್ತಾರೆ, 60 ಕೆ.ಜಿ. ತೂಕದವರಿಗೆ ಇದು 60ರಿಂದ 72 ಗ್ರಾಂ. ಮುದ್ದೆ, ಅನ್ನದೊಂದಿಗೆ ತಿಳಿಸಾರು ಮಾತ್ರ ಉಂಡರೆ ಇದು ದೊರೆಯದು. ಬೇಳೆ, ಹುರುಳಿ, ಶೇಂಗಾ, ಮೊಸರು, ಮೊಟ್ಟೆ, ಮೀನುಗಳನ್ನು ಮೂರು ಹೊತ್ತಿಗೂ ಹಂಚಿ ಸೇವಿಸಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಇದನ್ನು ಪಾಲಿಸಬೇಕು.

3. ದಿನಚರಿ: ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ಇರುವುದು, ಹಗಲು ನಿದ್ರೆಯನ್ನು ಅರ್ಧ ಗಂಟೆಗೆ ಮಿತಗೊಳಿಸುವುದು, ಮಧ್ಯಾಹ್ನದ ನಂತರ ಕಾಫಿ, ಚಹಾ ಬಿಡುವುದು ಒಳ್ಳೆಯದು. 65 ದಾಟಿದವರಿಗೆ 7ರಿಂದ 8 ಗಂಟೆಯ ನಿದ್ರೆ ಸಾಕು.

4. ಶೌಚಾಲಯದ ದಾರಿ: ಮಂಚದಿಂದ ಶೌಚಾಲಯದವರೆಗೆ ಮಂದ ಬೆಳಕಿರಬೇಕು; ನೆಲ ಜಾರಬಾರದು. ಹಿಡಿಕೆಯನ್ನು ಇಟ್ಟಿಗೆ ಅಥವಾ ಕಾಂಕ್ರೀಟಿನೊಳಗೆ ಬೋಲ್ಟ್ ಹಾಕಿ ಬಿಗಿಯಬೇಕು. ಗಾರೆಗಷ್ಟೇ ಸಿಕ್ಕಿಸಿದ ಟವೆಲ್ ಕಂಬಿ ದೇಹದ ಭಾರ ತಾಳದು. ಕುಕ್ಕರಗಾಲಿನಲ್ಲಿ ಕೂರಲಾಗದವರಿಗೆ ಕಮೋಡ್ ಕುರ್ಚಿ ಒದಗಿಸಬೇಕು.

5. ಔಷಧ: ವೈದ್ಯರ ಸಲಹೆಯಿಲ್ಲದೆ ನಿದ್ರೆ ಮಾತ್ರೆ ಸೇವಿಸಬಾರದು. ಹಲವು ನಿದ್ರೆ ಮಾತ್ರೆಗಳು ಸಮತೋಲನವನ್ನು ಕೆಡಿಸಿ ಬೀಳುವ ಅಪಾಯವನ್ನು ಹೆಚ್ಚಿಸುತ್ತವೆ.

ನಿದ್ರೆಯಲ್ಲಿ ಜೋರು ಗೊರಕೆಯೊಂದಿಗೆ ಉಸಿರು ಕಟ್ಟುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಒಮ್ಮೆಯಾದರೂ ಬಿದ್ದಿರುವುದು ಕಂಡುಬಂದಲ್ಲಿ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಿ ಮಾರ್ಗದರ್ಶನ ಪಡೆಯಬಹುದು.

ಪಂಚಾಯಿತಿ ಸದಸ್ಯರು ಮತ್ತು ಆಶಾ ಕಾರ್ಯಕರ್ತೆಯರು ಮನೆ ಭೇಟಿಯ ವೇಳೆ ಹಿರಿಯರಲ್ಲಿ ಎರಡು ಪ್ರಶ್ನೆ ಕೇಳಿದರೂ ಉಪಯುಕ್ತ: ರಾತ್ರಿ ಎಷ್ಟು ಬಾರಿ ಏಳುತ್ತೀರಿ? ಕೈಯೂರದೆ ಕುರ್ಚಿಯಿಂದ ಏಳಬಲ್ಲಿರಾ? ಉತ್ತರ ಕೇಳಿದ ಮೇಲೆ ಶೌಚಾಲಯದ ದಾರಿಯನ್ನೂ ಒಮ್ಮೆ ನೋಡಿ ಬರುವುದು ಉಚಿತ.