ಬೀಜಗಣಿತದ ಮನೆಮಾತು

ಮೂವತ್ತು ವರ್ಷಕ್ಕೂ ಮಿಕ್ಕು ಕನ್ನಡ ಪಾಠ ಹೇಳಿ ವಿಶ್ರಾಂತನಾದ ನನ್ನಂಥವನು ಬೀಜಗಣಿತವನ್ನು ಕುರಿತು ಬರೆಯಹೊರಟರೆ ಬಲ್ಲವರು ನಕ್ಕಾರು. ನಗಲಿ. ಹೈಸ್ಕೂಲಿನ ದಿನಗಳಿಂದಲೂ ನನಗೂ ಆ ಶಾಸ್ತ್ರಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧ. ಸಂಚಿ ಹೊನ್ನಮ್ಮನ ಊರೆಂದು ಹೆಸರಾದ ಯಳಂದೂರಿನಲ್ಲಿ ಓದಿದವನು ನಾನು. ಸಾಂಗತ್ಯ, ಷಟ್ಪದಿಗಳು ತಾವಾಗಿಯೇ ನಾಲಗೆಯ ಮೇಲೆ ನಿಲ್ಲುತ್ತಿದ್ದುವು. ಆದರೆ ಕಪ್ಪುಹಲಗೆಯ ಮೇಲೆ ‘ಎಕ್ಸ್’ ಎಂಬ ಅಕ್ಷರ ಕಾಣಿಸಿಕೊಂಡಿತೆಂದರೆ ಹೊಟ್ಟೆಯಲ್ಲಿ ಸಂಕಟ. ಒಮ್ಮೆ ಧೈರ್ಯಮಾಡಿ, “ಸಾರ್, ಎಕ್ಸ್ ಅಂದರೆ ಏನು?” ಎಂದು ಕೇಳಿದೆ. “ಕೇಳಬೇಡ, ಬರೆದುಕೋ” ಎಂಬ ಉತ್ತರ ಬಂದಿತು. ಬರೆದುಕೊಂಡೆ. ಪರೀಕ್ಷೆಯಲ್ಲಿ ಹೇಗೋ ದಡ ಮುಟ್ಟಿದೆ. ಆದರೆ ಆ ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಒಳಗೇ ಉಳಿಯಿತು.

ಇಷ್ಟು ಹಳೆಯ ಗಾಯವನ್ನು ಈಗ ಕೆದಕಲು ಕಾರಣಳಾದವಳು ನನ್ನ ತಂಗಿಯ ಮೊಮ್ಮಗಳು. ಹನೂರಿಗೆ ಸಮೀಪದ ಹಳ್ಳಿಯವಳು. ಕನ್ನಡ ಮಾಧ್ಯಮದ ಹುಡುಗಿ. ಕಳೆದ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಅವಳಿಗೆ ಕನ್ನಡದಲ್ಲಿ ೧೨೫ಕ್ಕೆ ೧೧೭ ಅಂಕ, ಗಣಿತದಲ್ಲಿ ನಪಾಸು. ನಮ್ಮ ರಾಜ್ಯದಲ್ಲಿ ಈ ಪರೀಕ್ಷೆಯನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಸುವ ಏರ್ಪಾಡಾಗಿರುವುದರಿಂದ ಸ್ವಲ್ಪ ದಿನಗಳಲ್ಲೇ ಇನ್ನೊಂದು ಅವಕಾಶವಿತ್ತು. ಅದೂ ಕೈತಪ್ಪಿದರೆ, ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ದುಡಿಯುವ ಅತ್ತೆಯ ಬಳಿಗೆ ಕಳುಹಿಸಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಾಗೆಂದವರು ಕಟುಕರೇನೂ ಅಲ್ಲ. ಮಳೆಯನ್ನೇ ನಂಬಿದ ಎರಡೆಕರೆ ಹೊಲ, ಸಂಘದ ಸಾಲ, ಇವೆರಡರ ನಡುವೆ ನಿಂತು ತಮಗೆ ತಿಳಿದ ಲೆಕ್ಕ ಹಾಕಿದವರು, ಅಷ್ಟೆ.

ಆ ಒಂದು ತಿಂಗಳ ಮಟ್ಟಿಗೆ ಹುಡುಗಿ ಕೊಳ್ಳೇಗಾಲದ ನಮ್ಮ ಮನೆಗೆ ಬಂದಳು. ಲೆಕ್ಕ ಮಾಡಿಸುವುದಕ್ಕೆ ಪಕ್ಕದ ಬೀದಿಯ ತರುಣ ಉಪಾಧ್ಯಾಯರೊಬ್ಬರು ಒಪ್ಪಿಕೊಂಡರು. ನನ್ನ ಪಾಲಿಗೆ ಬಂದದ್ದು, ಬೆಳಗಿನ ಹೊತ್ತು ಪಾರಿಭಾಷಿಕ ಪದಗಳನ್ನು ಒಪ್ಪಿಸಿಕೊಳ್ಳುವ ಕೆಲಸ. ಚರಾಕ್ಷರ, ಸ್ಥಿರಾಂಕ, ಸಹಗುಣಕ, ಬಹುಪದೋಕ್ತಿ, ಸಮೀಕರಣ, ಶೂನ್ಯತೆ, ಶೋಧಕ ಎಂದು ಮುಂತಾಗಿ ನಲವತ್ತು ಪದಗಳು ಅವಳ ಪುಸ್ತಕದಲ್ಲಿ ಸಾಲುಗಟ್ಟಿ ನಿಂತಿದ್ದುವು. ಒಂದಕ್ಷರ ತಪ್ಪದಂತೆ ಎಲ್ಲಕ್ಕೂ ವ್ಯಾಖ್ಯೆ ಹೇಳಿದಳು. “ಹಾಗಂದರೇನು, ಮಗಳೇ?” ಎಂದೆ.

“ಗೊತ್ತಿಲ್ಲ ಕನ ತಾತ. ಹಂಗೇ ಬರೀಬೇಕು, ಅಷ್ಟೆಯ.”

‘ಕೇಳಬೇಡ, ಬರೆದುಕೋ’ ಎಂಬ ಆ ಹಳೆಯ ಮಾತು ಇಷ್ಟು ವರ್ಷಗಳಾದರೂ ಸತ್ತಿರಲಿಲ್ಲ.

ಶಾಲೆಯ ಕಿರುಪರೀಕ್ಷೆಯೊಂದರಲ್ಲಿ ತಾನು ಬರೆದ ಉತ್ತರವನ್ನು ಅವಳೇ ತೋರಿಸಿದಳು. ಎಕ್ಸಿನ ವರ್ಗದಿಂದ ೯ನ್ನು ಕಳೆದ ಬಹುಪದೋಕ್ತಿಯ ಶೂನ್ಯತೆಗಳನ್ನು ಕಂಡುಹಿಡಿಯಬೇಕಾಗಿತ್ತು. ಹುಡುಗಿ ‘ಸೊನ್ನೆ’ ಎಂದು ಬರೆದು ಅಡಿಗೆರೆ ಎಳೆದಿದ್ದಳು. ಕನ್ನಡ ಬಲ್ಲವಳಾದುದರಿಂದಲೇ ಮೋಸಹೋದಳು, ಪಾಪ! ಶೂನ್ಯತೆಯೆಂದರೆ ಸೊನ್ನೆಯಲ್ಲ, ಎಕ್ಸಿಗೆ ಯಾವ ಬೆಲೆಯನ್ನು ಕೊಟ್ಟರೆ ಇಡೀ ಉಕ್ತಿ ಸೊನ್ನೆಯಾಗುವುದೋ ಆ ಬೆಲೆ. ಇಲ್ಲಿ ೩ ಒಂದು, ಋಣ ೩ ಇನ್ನೊಂದು. ಇದನ್ನು ತರುಣ ಉಪಾಧ್ಯಾಯರಿಂದ ಮೊದಲು ನಾನು ಕಲಿತುಕೊಂಡೆ. ವರ್ಗಮಾಡುವುದನ್ನು ಅವಳು ಬಲ್ಲಳು, ಕಳೆಯುವುದನ್ನು ಬಲ್ಲಳು. ಲೆಕ್ಕ ಬಾರದೆ ಕಳೆದುಕೊಂಡ ಅಂಕವಲ್ಲ ಅದು; ಪ್ರಶ್ನೆಯ ಮಾತು ತಿಳಿಯದೆ ಕಳೆದುಕೊಂಡದ್ದು.

ಮರುದಿನ ಬೆಳಗ್ಗೆ ವ್ಯಾಖ್ಯೆಗಳನ್ನು ಬದಿಗಿಟ್ಟು, ಕನ್ನಡ ಮೇಷ್ಟರ ಬಾಯಿಗೆ ಸಹಜವಾಗಿ ಬರುವ ಪ್ರಶ್ನೆಯನ್ನು ಹಾಕಿದೆ: “ಬಹುಪದೋಕ್ತಿ, ಬಿಡಿಸಿ ಹೇಳು.”

“ಬಹುಪದ, ಉಕ್ತಿ. ಅಕಾರದ ಮುಂದೆ ಉಕಾರ ಬಂದು ಓಕಾರ ಆಯ್ತು. ಗುಣಸಂಧಿ” ಎಂದಳು, ಥಟ್ಟನೆ.

“ಅರ್ಥ?”

“ಬಾಳ ಪದ ಇರೋ ಮಾತು...” ಎಂದವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಒಂದು ವರ್ಷದಿಂದ ಕೈಯಲ್ಲೇ ಇದ್ದ ಬೀಗದ ಕೈ ಈಗ ಕಣ್ಣಿಗೆ ಬಿದ್ದಂತೆ.

ಅಲ್ಲಿಂದ ಮುಂದೆ ನಮ್ಮ ಪಾಠ ಸರಾಗವಾಗಿ ನಡೆಯಿತು. ಚರ, ಅಕ್ಷರ: ಸವರ್ಣದೀರ್ಘ. ಸ್ಥಿರ, ಅಂಕ: ಅದೂ ಸವರ್ಣದೀರ್ಘವೇ. ಅವರ ಮನೆಯ ವಿಭಾಗಪತ್ರದಲ್ಲಿ ಚರಸ್ವತ್ತು, ಸ್ಥಿರಸ್ವತ್ತು ಎಂಬ ಮಾತುಗಳನ್ನು ಅವಳು ಓದಿದ್ದಳು. ಹೊಲಮನೆ ನಿಂತಲ್ಲೇ ನಿಲ್ಲುವಂಥವು. ದನಕರು, ಪಾತ್ರೆಪದಾರ್ಥ ಕೈಯಿಂದ ಕೈಗೆ ಹೋಗುವಂಥವು. ಬೆಲೆ ಬದಲಾಗುವ ಅಕ್ಷರ ಚರಾಕ್ಷರ. ಬದಲಾಗದ ಅಂಕ ಸ್ಥಿರಾಂಕ. ಅಕ್ಷರದ ಜೊತೆಗೆ ನಿಂತು ಅದನ್ನು ಗುಣಿಸುವ ಸಂಗಾತಿ ಸಹಗುಣಕ.

ಸಂಜೆ ಅವಳನ್ನು ಪರಿಚಯದವರ ಕೈಮಗ್ಗದ ಬಳಿಗೆ ಕರೆದುಕೊಂಡು ಹೋದೆ. ಕೊಳ್ಳೇಗಾಲದ ರೇಷ್ಮೆಯ ಹೆಸರನ್ನು ಓದುಗರು ಕೇಳಿಯೇ ಇದ್ದಾರು. ಮಗ್ಗಕ್ಕೆ ಒಮ್ಮೆ ಏರಿದ ಹಾಸು ಆ ಸೀರೆ ಮುಗಿಯುವತನಕ ಸ್ಥಿರ. ಲಾಳಿಯಲ್ಲಿ ಹಾಯುವ ಹೊಕ್ಕಿನ ಬಣ್ಣವನ್ನು ನೇಕಾರ ಬೇಕೆಂದಾಗ ಬದಲಿಸಬಹುದು. ಈ ಹೋಲಿಕೆಯನ್ನು ನಾನೇ ಕಂಡುಹಿಡಿದೆನೆಂದು ಬೀಗುತ್ತಿದ್ದವನಿಗೆ ಗ್ರಂಥಾಲಯದಲ್ಲಿ ಗರ್ವಭಂಗವಾಯಿತು. ೬೨೮ರಲ್ಲಿ ಬ್ರಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನೇ ಅವ್ಯಕ್ತ ರಾಶಿಗಳಿಗೆ ‘ವರ್ಣ’ಗಳೆಂದು ಹೆಸರಿಟ್ಟಿದ್ದಾನೆ. ೧೧೫೦ರ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಮೊದಲನೆಯ ಅವ್ಯಕ್ತಕ್ಕೆ ‘ಯಾವತ್ತಾವತ್’, ಎಂದರೆ ‘ಎಷ್ಟೋ ಅಷ್ಟು’, ಎಂದು ಹೆಸರು; ಅನಂತರದವು ಕಾಲಕ, ನೀಲಕ, ಪೀತಕ: ಕಪ್ಪು, ನೀಲಿ, ಹಳದಿ. ವರ್ಣವೆಂದರೆ ಬಣ್ಣವೂ ಹೌದು, ಅಕ್ಷರವೂ ಹೌದು. ನನ್ನ ಬಾಲ್ಯದ ಪ್ರಶ್ನೆಗೆ ಉತ್ತರ ಅಷ್ಟು ಹಿಂದೆಯೇ ಸಿದ್ಧವಾಗಿತ್ತು: ಎಕ್ಸ್ ಎಂದರೆ ‘ಎಷ್ಟೋ ಅಷ್ಟು’.

ಇನ್ನೊಂದು ಸಂಗತಿಯನ್ನು ಅರಿತಾಗ ನಾನು ನಾಚಿದೆ. ಅಮೋಘವರ್ಷ ನೃಪತುಂಗನ ಹೆಸರು ಹೇಳಿ ಕವಿರಾಜಮಾರ್ಗವನ್ನು ಎಷ್ಟು ವರ್ಷ ಪಾಠ ಮಾಡಿದ್ದೇನೆ! ಅದೇ ದೊರೆಯನ್ನು ಸ್ತುತಿಸಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದನೆಂಬುದನ್ನು ಒಂದು ತರಗತಿಯಲ್ಲಾದರೂ ಹೇಳಿದವನಲ್ಲ. ಒಂದೇ ಆಶ್ರಯದಲ್ಲಿ ಬೆಳೆದ ಕಾವ್ಯಕ್ಕೂ ಗಣಿತಕ್ಕೂ ನಡುವೆ ಗೋಡೆ ಕಟ್ಟಿದವರಲ್ಲಿ ನಾನೂ ಒಬ್ಬ.

ಸಮೀಕರಣಕ್ಕೆ ರೇಷ್ಮೆಗೂಡು ತೂಗುವ ತಕ್ಕಡಿಯೇ ಸಾಕಾಯಿತು. ಒಂದು ತಟ್ಟೆಯಿಂದ ತೆಗೆದಷ್ಟನ್ನೇ ಇನ್ನೊಂದರಿಂದಲೂ ತೆಗೆದರೆ ಮುಳ್ಳು ಅಲುಗದು. ಪದವೊಂದು ಎಡದಿಂದ ಬಲಕ್ಕೆ ಹೋದರೆ ಅದು ಪಕ್ಷಾಂತರ, ಆಗ ಅದರ ಚಿಹ್ನೆ ಬದಲಾಗುತ್ತದೆ ಎಂದಾಗ ಹುಡುಗಿ ಕಿಲಕಿಲನೆ ನಕ್ಕು, “ನಮ್ಮ ಎಲೆಕ್ಷನ್‌ನಲ್ಲೂ ಹಂಗೇ ಅಲ್ವಾ ತಾತ?” ಎಂದಳು. ಆ ನಿಯಮವನ್ನು ಅವಳು ಮತ್ತೆ ಮರೆಯಲಿಲ್ಲ. ಧನ, ಋಣ ಎಂಬ ಮಾತುಗಳಿಗೆ ಅರ್ಥ ಹೇಳಬೇಕಾಗಲೇ ಇಲ್ಲ. ಋಣವನ್ನು ಕಳೆದರೆ ಕೂಡಿದಂತಾಗುವುದು ಹೇಗೆಂದು ಕೇಳಿದೆ. “ಸಂಘದ ಸಾಲ ಮನ್ನಾ ಆದ್ರೆ ಅಷ್ಟು ದುಡ್ಡು ಬಂದಂಗೇ ತಾನೆ?” ಎಂದಳು. ಈ ಉತ್ತರಕ್ಕೆ ನಾನು ನಗಲಾರದೆ ಹೋದೆ.

ಪದಾರ್ಥ ತಿಳಿದ ಮಾತ್ರಕ್ಕೆ ಲೆಕ್ಕ ಬಂದೀತೆಂದು ನಾನು ಹೇಳುವುದಿಲ್ಲ. ಈಜುವುದೆಂಬ ಮಾತಿನ ಅರ್ಥ ಬಲ್ಲವರೆಲ್ಲ ಕಾವೇರಿಯನ್ನು ದಾಟಲಾರರು. ಹುಡುಗಿ ದಿನವೂ ಮೂರು ಗಂಟೆ ಲೆಕ್ಕ ಮಾಡಿದಳು. ಆದರೆ ಮಾಡುವ ರೀತಿ ಬದಲಾಯಿತು. ಒಂದು ಆಯತಾಕಾರದ ಹಿತ್ತಲಿನ ಉದ್ದ ಅದರ ಅಗಲಕ್ಕಿಂತ ೫ ಮೀಟರು ಹೆಚ್ಚು, ವಿಸ್ತೀರ್ಣ ೮೪ ಚದರ ಮೀಟರು, ಅಗಲವೆಷ್ಟು? ಹಿಂದೆಯಾಗಿದ್ದರೆ ಸೂತ್ರಕ್ಕಾಗಿ ತಡಕಾಡುತ್ತಿದ್ದಳು. ಈಗ ಅಗಲವನ್ನು ‘ಎಷ್ಟೋ ಅಷ್ಟು’ ಎಂದಿಟ್ಟುಕೊಂಡು, ಅದರ ವರ್ಗಕ್ಕೆ ಅದರದೇ ಐದರಷ್ಟನ್ನು ಕೂಡಿಸಿ ೮೪ ಕಳೆದರೆ ಸೊನ್ನೆ ಎಂದು ಸಮೀಕರಣ ಬರೆದಳು. ಶೋಧಕ ೩೬೧, ಎಂದರೆ ೧೯ರ ವರ್ಗ. ಮೂಲಗಳು ೭ ಮತ್ತು ಋಣ ೧೨. “ಋಣ ಹನ್ನೆರಡು ಮೀಟರು ಅಗಲದ ಹಿತ್ತಲು ಯಾರ ಮನೇಲೂ ಇರಾಕಿಲ್ಲ” ಎಂದು ತಾನೇ ಅದನ್ನು ಬಿಟ್ಟು, ಏಳನ್ನು ಉಳಿಸಿಕೊಂಡಳು.

ಪರೀಕ್ಷೆಯಾಯಿತು. ಗಣಿತದಲ್ಲಿ ೬೧ ಅಂಕ ಬಂದಿತು. ತಿರುಪ್ಪೂರಿನ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅವಳು ಪಿ.ಯು.ಸಿ.ಯಲ್ಲಿ ವಿಜ್ಞಾನಕ್ಕೆ ಸೇರಿದಳು. ಅಲ್ಲಿ ಎದುರಾದದ್ದು ಇಂಗ್ಲಿಷು. ಚರಾಕ್ಷರ ಹೋಗಿ ವೇರಿಯಬಲ್, ಸಹಗುಣಕ ಹೋಗಿ ಕೋಎಫಿಶಿಯೆಂಟ್. ಕಷ್ಟಪಟ್ಟು ಕಲಿತ ಪದಗಳೆಲ್ಲ ಒಂದೇ ದಿನದಲ್ಲಿ ಚಲಾವಣೆ ತಪ್ಪಿದ ನಾಣ್ಯಗಳಾದುವೇ ಎಂದು ನನಗೆ ಭಯವಾಯಿತು.

ನಮ್ಮ ಸೀಮೆಗೆ ಇಂಥ ಗಡಿ ದಾಟುವಿಕೆ ಹೊಸದಲ್ಲ. ನಮ್ಮ ತಂದೆಯವರ ಯೌವನದಲ್ಲಿ ಯಳಂದೂರು ಮೈಸೂರಿಗೆ ಸೇರಿತ್ತು. ಹನೂರನ್ನೂ ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ೧೯೫೬ರ ನವೆಂಬರ್ ೧ರಂದು ಎರಡೂ ಒಂದೇ ರಾಜ್ಯಕ್ಕೆ ಬಂದುವು. ಕಚೇರಿಯ ಮೊಹರು, ಕಾಗದಪತ್ರ ಬದಲಾದುವು. ಹೊಲ, ಹೊಳೆ, ಆಡುವ ಮಾತು ಹಾಗೆಯೇ ಉಳಿದುವು. ಪದಗಳ ಗತಿಯೂ ಹೀಗೆಯೇ ಎಂದು ನನಗನ್ನಿಸುತ್ತದೆ. ಬಾಯಿಪಾಠದ ಪದ ಗಡಿಯಾಚೆ ಸಲ್ಲದು. ಅರ್ಥವನ್ನು ಹಿಡಿದವರು ಯಾವ ಮೊಹರಿನಡಿಯಲ್ಲೂ ಅದನ್ನು ಗುರುತಿಸಬಲ್ಲರು.

ಕಳೆದ ಶ್ರಾವಣದಲ್ಲಿ ಒಂದು ರಾತ್ರಿ ಹನೂರಿನಿಂದ ದೂರವಾಣಿ ಬಂದಿತು. ಊಟಕ್ಕೆ ಕುಳಿತಿದ್ದವನು ಎದ್ದು ಹೋದೆ. ಯೋಗಕ್ಷೇಮ ಒಂದೂ ಇಲ್ಲ, ನೇರವಾಗಿ ಪ್ರಶ್ನೆ.

“ತಾತ, ರೂಟ್ ಅಂದ್ರೆ ಬೇರು ತಾನೆ? ಕಂದಮೂಲ ಅಂತೀವಲ್ಲ, ಅದರಲ್ಲಿ ಮೂಲ ಅಂದ್ರೂ ಬೇರೇ ತಾನೆ? ಹಂಗಾದ್ರೆ ಇಂಗ್ಲಿಷ್‌ನೋರೂ ನಾವೂ ಒಂದೇ ಮಾತು ಹೇಳ್ತಾ ಇದೀವಲ್ಲ!”

ಮೂವತ್ತು ವರ್ಷಕ್ಕೂ ಮಿಕ್ಕು ಕನ್ನಡ ಪಾಠ ಹೇಳಿದ ನನಗೆ ಇದು ಹೊಳೆದಿರಲಿಲ್ಲ. ಹೌದೆಂದು ಒಪ್ಪಿಕೊಂಡು, ಆರಿದ ಊಟಕ್ಕೆ ಮರಳಿ ಕುಳಿತೆ.