ನೋಡುವುದೂ ಓದೇ, ಕೇಳುವುದೂ ಓದೇ

ಹೃದಯದ ಕವಾಟಗಳು ತೆರೆದು ಮುಚ್ಚುವ ಬಗೆಯನ್ನು ಪುಸ್ತಕದ ಚಿತ್ರ ಪೂರ್ತಿಯಾಗಿ ತೋರಿಸಲಾರದು. ಎರಡು ನಿಮಿಷದ ಕಿರುಚಿತ್ರ ತೋರಿಸಬಲ್ಲದು. ಕಣ್ಣು ಕಾಣದ ವಿದ್ಯಾರ್ಥಿಗಂತೂ ಧ್ವನಿಮುದ್ರಿತ ಪಾಠವೇ ಪುಸ್ತಕ. ಐನಾಪುರದಂಥ ಊರಿನಲ್ಲಿ, ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ಇವು ಸಿಗಬೇಕಾದ ಜಾಗ ಸಾರ್ವಜನಿಕ ಗ್ರಂಥಾಲಯ.

ಆದರೆ ‘ಪುಸ್ತಕ ಇರಲಿ, ವಿಡಿಯೊ ಬೇಡ, ಮಕ್ಕಳು ಕೆಡುತ್ತಾರೆ’ ಎನ್ನುವ ಪಾಲಕರೂ ಉಂಟು. ಅವರ ಅಂಜಿಕೆ ಸಹಜವೇ. ಅಮೆರಿಕದ ಗ್ರಂಥಾಲಯಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ‘ನೋಡುವ ಸ್ವಾತಂತ್ರ್ಯ’ ಎಂಬ ಹೇಳಿಕೆಯನ್ನು ಅಲ್ಲಿನ ಗ್ರಂಥಾಲಯ ಸಂಘ 1990ರಲ್ಲಿ ಅನುಮೋದಿಸಿತು. ತಮ್ಮ ಮಗು ಏನು ನೋಡಬೇಕೆಂದು ತಂದೆ-ತಾಯಿ ಹೇಳಬಹುದು, ನೆರೆಮನೆಯ ಮಗುವಿಗೂ ಅದನ್ನೇ ಕಟ್ಟಳೆ ಮಾಡುವಂತಿಲ್ಲ ಎಂಬುದು ಆ ಸಂಘದ ನಿಲುವು. ಗ್ರಂಥಾಲಯದಲ್ಲಿ ಪುಸ್ತಕಗಳ ಜೊತೆಗೆ ಆಧುನಿಕ ಮಾಧ್ಯಮಗಳೂ ಇರಬೇಕು, ಸಂಗ್ರಹದ ಮೇಲೆ ರಾಜಕೀಯ ಅಥವಾ ಧಾರ್ಮಿಕ ಸೆನ್ಸಾರ್ ಇರಬಾರದು ಎಂದು ಯುನೆಸ್ಕೊ 1994ರ ತನ್ನ ಪ್ರಣಾಳಿಕೆಯಲ್ಲಿ ಸಾರಿತು.

ನಮ್ಮಲ್ಲಿಯೂ ಇದಕ್ಕೆ ಬುನಾದಿ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಮನೆ, ಜಾಗಗಳ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರುತ್ತದೆ. ಕರ ಕಟ್ಟುವವರಿಗೆ ಬೇಕಾದುದನ್ನು ಕೇಳುವ ಹಕ್ಕೂ ಇರಬೇಕಲ್ಲವೇ? ದೃಷ್ಟಿದೋಷವುಳ್ಳವರಿಗೆ ಧ್ವನಿಪುಸ್ತಕದಂಥ ರೂಪಗಳಲ್ಲಿ ಕೃತಿಗಳು ಸಿಗಲೆಂದು 2013ರಲ್ಲಿ ಮರಾಕೆಶ್ ಒಪ್ಪಂದವಾಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ.

ವಿದ್ಯಾರ್ಥಿಗಳೇ, ಕಂಡದ್ದನ್ನೆಲ್ಲ ನಂಬಬೇಕಾಗಿಲ್ಲ. ಕಿರುಚಿತ್ರ ಹೇಳಿದ್ದನ್ನು ಪುಸ್ತಕದೊಡನೆ ಹೋಲಿಸಿ, ಪ್ರಶ್ನಿಸಿ. ಪಾಲಕರೂ ಜೊತೆಗೆ ಕುಳಿತು ನೋಡಲಿ, ಚರ್ಚಿಸಲಿ. ಬಾಗಿಲು ಮುಚ್ಚುವುದಕ್ಕಿಂತ ತೂಗಿ ನೋಡುವುದನ್ನು ಕಲಿಸುವುದೇ ಮಕ್ಕಳಿಗೆ ಒಳ್ಳೆಯ ಕಾವಲು.