ಮನೆಯ ರೂಟರಿನಲ್ಲಿ ಮೊದಲ ಮಣೆ ಯಾರಿಗೆ?

ಯುವಮಿತ್ರರೇ, ರೂಟರಿನ ಸೆಟ್ಟಿಂಗ್ಸ್ ತೆರೆದು ಕೈಯಾಡಿಸುವುದು ನಿಮ್ಮಲ್ಲಿ ಹಲವರಿಗೆ ನೀರು ಕುಡಿದಷ್ಟು ಸುಲಭ. ಅಲ್ಲಿ ‘ಕ್ಯು.ಓ.ಎಸ್.’ ಎಂಬುದೊಂದಿದೆ. ಯಾವ ಮಾಹಿತಿ ಮೊದಲು ಹೋಗಬೇಕು, ಯಾವುದು ಕಾಯಬೇಕು ಎಂದು ಗೊತ್ತುಮಾಡುವ ಏರ್ಪಾಡು ಅದು. ಅದನ್ನು ಒತ್ತುವ ಮುನ್ನ ಇದನ್ನಿಷ್ಟು ಓದಿ.

ಸೆಂಟ್ರಲ್‌ನಿಂದ ಬೆಂಗಳೂರಿಗೆ ಎಷ್ಟು ಸಲ ರೈಲು ಹತ್ತಿದ್ದೀರಿ! ಶತಾಬ್ದಿಗೋ, 2022ರಲ್ಲಿ ಶುರುವಾದ ಮೈಸೂರು ವಂದೇ ಭಾರತ್‌ಗೋ ದಾರಿ ಬಿಡಲು ಪ್ಯಾಸೆಂಜರ್ ಗಾಡಿ ಪಕ್ಕದ ಹಳಿಯಲ್ಲಿ ನಿಲ್ಲುತ್ತದೆ. ಹೊಸ ಹಳಿಯೇನೂ ಹುಟ್ಟುವುದಿಲ್ಲ. ಇಲ್ಲಿಯೂ ಅಷ್ಟೇ. ಲೈನಿನ ವೇಗ ಹೆಚ್ಚುವುದಿಲ್ಲ, ಸರದಿ ಮಾತ್ರ ಬದಲಾಗುತ್ತದೆ. ಒಬ್ಬರು ಮುಂದೆ ಹೋದರೆಂದರೆ ಇನ್ನೊಬ್ಬರು ಕಾದರು ಎಂದೇ ಅರ್ಥ.

ಮಾಂಬಲಂನ ನಮ್ಮ ಬಂಧುಗಳ ಮನೆಯ ಕಥೆ ಕೇಳಿ. ಹುಡುಗ ತನ್ನ ಆಟದ ಯಂತ್ರಕ್ಕೆ ಮೊದಲ ಸ್ಥಾನ ಕೊಟ್ಟು, ಲೈನಿನ ವೇಗ 40 ಮೆಗಾಬಿಟ್ ಎಂದು ಬರೆದ. ಮರುವರ್ಷ ಅವರಪ್ಪ 200ರ ಲೈನ್ ಹಾಕಿಸಿದರು. ರೂಟರಿಗೆ ಹೇಳುವವರು ಯಾರು? ಅದು 40ಕ್ಕೇ ತಡೆಯುತ್ತಿತ್ತು. ತಿಂಗಳುಗಟ್ಟಲೆ ಕಂಪನಿಯವರನ್ನು ಬೈದದ್ದೇ ಬಂತು. ಒಂದು ಬೆಳಿಗ್ಗೆ ಆ ಯಂತ್ರ ತಾನಾಗಿ ದೊಡ್ಡದೊಂದು ಅಪ್‌ಡೇಟ್ ಇಳಿಸಿಕೊಳ್ಳತೊಡಗಿತು. ಆಟವೋ ಅಪ್‌ಡೇಟೋ, ರೂಟರಿಗೆ ಎರಡೂ ಒಂದೇ. ಮೊದಲ ಮಣೆ ಅದಕ್ಕೇ. ಪಕ್ಕದ ಕೋಣೆಯಲ್ಲಿ ಅಕ್ಕನ ಇಂಟರ್‌ವ್ಯೂ ನಡೆದಿತ್ತು. ಅವಳ ಮುಖ ನಿಂತುಹೋಯಿತು, ಮಾತು ತುಂಡಾಯಿತು. ಕೆಲಸ ಸಿಗಲಿಲ್ಲ. ಇದರಿಂದಲೇ ಎಂದು ಹೇಳಲಾರೆ. ಆದರೆ ಅವಳು ತಮ್ಮನೊಡನೆ ಒಂದು ವಾರ ಮಾತಾಡಲಿಲ್ಲ.

ಹಾಗೆಂದು ವೇಗವನ್ನು ಹೆಚ್ಚಾಗಿ ಬರೆದರೂ ಪ್ರಯೋಜನವಿಲ್ಲ. ಆಗ ಸಾಲು ನಿಮ್ಮ ರೂಟರಿನಲ್ಲಿ ನಿಲ್ಲದೆ ಆಚೆ ಕಂಪನಿಯ ಯಂತ್ರದಲ್ಲಿ ನಿಲ್ಲುತ್ತದೆ. ಅಲ್ಲಿ ನಿಮ್ಮ ಮಾತು ನಡೆಯದು. ಅಳೆದ ವೇಗಕ್ಕಿಂತ ತುಸು ಕಡಿಮೆ ಬರೆಯಬೇಕು. ಅಗ್ಗದ ರೂಟರುಗಳಲ್ಲಿ ಇನ್ನೊಂದು ತೊಡಕು: ಪ್ರತಿ ಪೊಟ್ಟಣವನ್ನೂ ಬಿಡಿಸಿ ನೋಡುವ ಶ್ರಮಕ್ಕೇ ವೇಗ ಕುಸಿಯಬಹುದು. ‘ಡಬ್ಲ್ಯು.ಎಂ.ಎಂ.’ ಎಂಬುದು ವೈಫೈನದೇ ಸರದಿ ವ್ಯವಸ್ಥೆ. ಬೇಡವೆಂದು ಅದನ್ನು ಆರಿಸಿದರೆ ಹಲವು ಸಾಧನಗಳು ಹಳೆಯ 54 ಮೆಗಾಬಿಟ್‌ಗೆ ಇಳಿದುಬಿಡುತ್ತವೆ.

ಒಂದು ವೆಬ್‌ಸೈಟಿಗೆ ದಾರಿ, ಇನ್ನೊಂದಕ್ಕೆ ತಡೆ ಎಂದು ಕಂಪನಿಗಳು ಭೇದ ಮಾಡಬಾರದೆಂಬ ತತ್ತ್ವವನ್ನು ಕೇಂದ್ರ ಸರ್ಕಾರ 2018ರಲ್ಲಿ ಒಪ್ಪಿತು. ನಿಮ್ಮ ಮನೆಯೊಳಗೆ ಆ ಕಟ್ಟಳೆಯಿಲ್ಲ, ಭೇದ ಮಾಡುವವರು ನೀವೇ. ಅಪ್ಪ ಅಮ್ಮನಿಗೆ ಒಂದು ಮಾತು ಹೇಳಿ ಮಾಡಿ.

ಆ ಹುಡುಗ ಈಗ ಯಂತ್ರಕ್ಕಲ್ಲ, ಕರೆಗಳಿಗೆ ಮೊದಲ ಸ್ಥಾನ ಕೊಟ್ಟಿದ್ದಾನೆ. ಅವರ ಮನೆಯ ಫ್ರಿಜ್ಜಿನ ಮೇಲೆ ಅಕ್ಕನ ಕೈಬರಹದ ಚೀಟಿಯೊಂದಿದೆ: ‘ಲೈನ್ 200. ರೂಟರಿನಲ್ಲಿ 180. ಬದಲಿಸಿದರೆ ಇಲ್ಲಿ ಬರೆಯುವುದು.’